ಚುಕ್ಕೆ ಹೋದರೆ ರೋಗ ಹೋಯಿತೆ?

ಸೋಮವಾರ ಬೆಳಿಗ್ಗೆ ಟೈಗರ್ ಬಾರ್ಬ್ ಮೀನಿನ ಬಾಲದ ಮೇಲೆ ರವೆಯ ಕಾಳಿನಂಥ ಎರಡು ಬಿಳಿ ಚುಕ್ಕೆ. ಮಂಗಳವಾರಕ್ಕೆ ಇಪ್ಪತ್ತು. ಅಕ್ವೇರಿಯಂ ಅಂಗಡಿಗೆ ಹೋಗಿ "ವೈಟ್ ಸ್ಪಾಟ್ ಬಂದಿದೆ, ಏನಾದ್ರೂ ಕೊಡಿ" ಎಂದರೆ ನೀಲಿಯದೋ ಹಸಿರಿನದೋ ಒಂದು ಪುಟ್ಟ ಬಾಟಲಿ ಸಿಗುತ್ತದೆ. ಹತ್ತು ಹನಿ ಹಾಕಿ ಸಾರ್ ಎಂಬ ಸಲಹೆಯೂ ಸಿಗುತ್ತದೆ. ಗುರುವಾರ ಚುಕ್ಕೆಗಳೆಲ್ಲ ಮಾಯ. ಮನೆಮಂದಿ ನಿರಾಳರಾಗುತ್ತಾರೆ, ಬಾಟಲಿ ಟಿವಿ ಸ್ಟ್ಯಾಂಡಿನ ಹಿಂದಕ್ಕೆ ಹೋಗುತ್ತದೆ. ಭಾನುವಾರ ನೋಡಿದರೆ ಎಲ್ಲ ಮೀನುಗಳ ಮೈತುಂಬ ಚುಕ್ಕೆ, ಎರಡು ಆಗಲೇ ತಳ ಸೇರಿವೆ. ಕೊಟ್ಟ ಔಷಧ ಡೂಪ್ಲಿಕೇಟ್ ಎಂದು ಮನೆಯಲ್ಲಿ ತೀರ್ಪಾಗುತ್ತದೆ.

ಔಷಧ ಅಸಲಿಯೇ ಇದ್ದಿರಬಹುದು. ಗುರುವಾರ ಚುಕ್ಕೆ ಮಾಯವಾದದ್ದಕ್ಕೂ ಆ ಹನಿಗಳಿಗೂ ಬಹುಶಃ ಸಂಬಂಧವೇ ಇರಲಿಲ್ಲ. ಏನೂ ಹಾಕದಿದ್ದರೂ ಅವು ಅಂದು ಮಾಯವಾಗುತ್ತಿದ್ದವು. ಮೀನಿನ ಕಾಯಿಲೆಗಳಲ್ಲಿ ನಮ್ಮನ್ನು ಮತ್ತೆ ಮತ್ತೆ ಮೋಸಗೊಳಿಸುವುದು ಇದೇ. ಕಣ್ಣಿಗೆ ಕಾಣುವುದು ಒಂದು, ಔಷಧಕ್ಕೆ ಸಿಗುವುದು ಇನ್ನೊಂದು.

ಬಿಳಿ ಚುಕ್ಕೆಯ ಒಳಗೆ ಕೂತಿರುವುದು ಏಕಕೋಶದ ಒಂದು ಪರಾವಲಂಬಿ ಜೀವಿ, ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್. ಮೀನು ಸಾಕುವವರ ಬಾಯಲ್ಲಿ ಬರೀ 'ಇಕ್'. ಫ್ರಾನ್ಸಿನ ಫೂಕೆ 1876ರಲ್ಲೇ ಇದನ್ನು ವರ್ಣಿಸಿ ಹೆಸರಿಟ್ಟಿದ್ದ. ಒಂದೇ ಕೋಶದ ಜೀವಿ ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಇದು ಮಾತ್ರ ತಿಂದು ತಿಂದು ಅರ್ಧ ಮಿಲಿಮೀಟರ್ ದಾಟಿ ಬೆಳೆಯುತ್ತದೆ. ಮೀನಿನ ಚರ್ಮದ ಮೇಲ್ಪದರದ ಅಡಿಗೆ ನುಸುಳಿ, ಅಲ್ಲಿಯ ಕೋಶಗಳನ್ನು ಮೇಯುತ್ತ, ಕೂತಲ್ಲೇ ನಿಧಾನವಾಗಿ ಸುತ್ತುತ್ತಿರುತ್ತದೆ. ಮೇಲೆ ಮೀನಿನದೇ ಚರ್ಮದ ಹೊದಿಕೆ. ನೀರಿಗೆ ಬೆರೆಸಿದ ಔಷಧ ಆ ಹೊದಿಕೆಯನ್ನು ದಾಟಿ ಅದನ್ನು ಮುಟ್ಟುವುದು ಕಷ್ಟ.

ಹೊಟ್ಟೆ ತುಂಬಿದ ಮೇಲೆ ಅದು ಚರ್ಮವನ್ನು ಭೇದಿಸಿ ಹೊರಬರುತ್ತದೆ. ನಮಗೆ 'ವಾಸಿಯಾದಂತೆ' ಕಾಣುವ ಗುರುವಾರ ಇದೇ. ಹೊರಬಿದ್ದ ಜೀವಿ ತಳದ ಕಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು ಸುತ್ತಲೂ ಲೋಳೆಯ ಕೋಟೆ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಬೆಚ್ಚನೆಯ ನೀರಿನಲ್ಲಿ ಒಂದು ದಿನದ ಆಸುಪಾಸಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳು ತಯಾರಾಗುತ್ತವೆ. ಕೋಟೆ ಒಡೆದು ನೀರಿಗಿಳಿದ ಮರಿಗೆ ಸಿಗುವ ಕಾಲಾವಕಾಶ ತೀರ ಕಡಿಮೆ. ಒಂದೆರಡು ದಿನದಲ್ಲಿ ಒಂದು ಮೀನು ಸಿಗಬೇಕು, ಇಲ್ಲವೆ ಸಾಯಬೇಕು. ಮ್ಯಾಲಕೈಟ್ ಗ್ರೀನ್ ಆಗಲಿ ಫಾರ್ಮಲಿನ್ ಆಗಲಿ ಮುಖ್ಯವಾಗಿ ಕೊಲ್ಲುವುದು ಹೀಗೆ ಅಲೆಯುವ, ಕಣ್ಣಿಗೆ ಕಾಣದ ಮರಿಗಳನ್ನು. ಚುಕ್ಕೆ ಮಾಯವಾದ ದಿನವೇ ಔಷಧ ನಿಲ್ಲಿಸಿದವರು, ಅದು ಕೆಲಸ ಮಾಡಬೇಕಾದ ಹೊತ್ತಿಗೆ ಸರಿಯಾಗಿ ನಿಲ್ಲಿಸಿದಂತಾಯಿತು.

ಹಾಗಾಗಿ ಇಕ್ ಚಿಕಿತ್ಸೆಗೆ ಕ್ಯಾಲೆಂಡರು ಬೇಕು. 25 ಡಿಗ್ರಿ ಆಸುಪಾಸಿನಲ್ಲಿ ಈ ಜೀವನಚಕ್ರ ಒಂದು ವಾರದೊಳಗೆ ಮುಗಿಯುತ್ತದೆ. 7 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಐದು ವಾರ ದಾಟುತ್ತದೆ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಔಷಧ ಮುಂದುವರಿಯಬೇಕು. ನಡುನಡುವೆ ಪೈಪು ಹಾಕಿ ತಳದ ಕಲ್ಲಿನ ಸಂದಿಯ ಕೊಳೆಯನ್ನು ಎಳೆದು ತೆಗೆಯುವುದು ಬಾಟಲಿಯಷ್ಟೇ ಉಪಯುಕ್ತ, ಏಕೆಂದರೆ ಕೋಟೆಗಳಿರುವುದು ಅಲ್ಲೇ. ಹೀಟರ್ ಇದ್ದರೆ ದಿನಕ್ಕೆ ಒಂದೆರಡು ಡಿಗ್ರಿಯಂತೆ ಬಿಸಿ ಏರಿಸಿ 30 ದಾಟಿಸುವುದುಂಟು. ಇಕ್‌ನ ಬಹುಪಾಲು ತಳಿಗಳಿಗೆ ಆ ಶಾಖದಲ್ಲಿ ಸಂತಾನ ಬೆಳೆಸಲಾಗುವುದಿಲ್ಲ. ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಏರ್ ಪಂಪನ್ನು ಜೋರು ಮಾಡದೆ ಹೀಟರ್ ಮಾತ್ರ ತಿರುಗಿಸಿದರೆ ಇಕ್‌ಗಿಂತ ಮೊದಲು ಮೀನೇ ಹೋಗಬಹುದು.

ಇಕ್ ಎಲ್ಲ ತೊಟ್ಟಿಯ ನೀರಿನಲ್ಲೂ ಸದಾ ಅಡಗಿರುತ್ತದೆ, ಮೀನು ಸೊರಗಿದಾಗ ಎದ್ದುಬರುತ್ತದೆ ಎಂದು ಹಳೆಯ ಹವ್ಯಾಸಿಗಳು ಹೇಳುವುದುಂಟು. ಇದು ಅರ್ಧ ಸತ್ಯ ಮಾತ್ರ. ಮೀನೇ ಇಲ್ಲದ ಬೆಚ್ಚನೆಯ ತೊಟ್ಟಿಯಲ್ಲಿ ಅದು ಒಂದೆರಡು ವಾರವೂ ಉಳಿಯದು. ವರ್ಷಗಟ್ಟಲೆ ಮಲಗಿದ್ದು ಏಳುವ ಬೀಜರೂಪ ಅದಕ್ಕಿಲ್ಲ. ಅದು ಬರುವುದು ಹೊಸ ಮೀನಿನ ಜೊತೆ, ಅಥವಾ ಚೀಲದ ನೀರಿನ, ಒದ್ದೆ ಬಲೆಯ, ಗಿಡದ ಜೊತೆ. ಸೊರಗುವ ಮಾತು ಮಾತ್ರ ನಿಜ. ಬೆಂಗಳೂರಿನ ಅಂಗಡಿಗಳಿಗೆ ಎಷ್ಟೋ ಬಣ್ಣದ ಮೀನು ಚೆನ್ನೈನ ಕೊಳತ್ತೂರಿನಿಂದ ಬರುತ್ತದೆ. ಕಡಲ ತೀರದ ಬೆಚ್ಚನೆಯ ಊರಲ್ಲಿ ಬೆಳೆದ ಮೀನು ಡಿಸೆಂಬರ್ ರಾತ್ರಿಯಲ್ಲಿ ಹೀಟರಿಲ್ಲದ ತೊಟ್ಟಿಗೆ ಬಿದ್ದರೆ ಮೊದಲು ಕುಗ್ಗುವುದು ಅದರ ರೋಗನಿರೋಧಕ ಶಕ್ತಿ. ಅದುವರೆಗೆ ಕಿವಿರಿನ ಮೂಲೆಯಲ್ಲಿ ನಾಲ್ಕೈದರಷ್ಟಿದ್ದ ಇಕ್‌ಗೆ ಅಷ್ಟು ಸಾಕು.

ಆ ನಿರೋಧಕ ಶಕ್ತಿ ಕೆಲಸ ಮಾಡುವ ರೀತಿಯಂತೂ ವಿಚಿತ್ರ. ಒಮ್ಮೆ ಇಕ್ ಬಂದು ಬದುಕಿದ ಮೀನಿಗೆ ಮತ್ತೆ ಅದು ಸುಲಭವಾಗಿ ತಗಲುವುದಿಲ್ಲ. ಹೀಗೇಕೆ ಎಂದು ಅಮೆರಿಕದಲ್ಲಿ ಥಿಯೊಡೋರ್ ಕ್ಲಾರ್ಕ್ ಮತ್ತು ಹ್ಯಾರಿ ಡಿಕರ್‌ಸನ್ ತಂಡ ಹುಡುಕಿ 1996ರಲ್ಲಿ ಪ್ರಕಟಿಸಿದ ಉತ್ತರ ಇದು: ಮೀನಿನ ಪ್ರತಿಕಾಯಗಳು ಪರಾವಲಂಬಿಯ ಮೈಮೇಲಿನ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿಯುತ್ತವೆ, ಬಿಗಿದೊಡನೆ ಅದು ಉಣ್ಣುವುದನ್ನು ಬಿಟ್ಟು ಚರ್ಮದಿಂದ ಹೊರಗೆ ಓಡುತ್ತದೆ. ಸಾಯುವುದಿಲ್ಲ, ಮನೆ ಖಾಲಿ ಮಾಡುತ್ತದೆ. ನಮ್ಮ ಬಾಟಲಿಗೆ ತಲುಪಲಾಗದ ಜಾಗಕ್ಕೆ ಮೀನಿನ ದೇಹ ಒಳಗಿನಿಂದಲೇ ತಲುಪುತ್ತದೆ.

ಚುಕ್ಕೆಯೇ ಕಾಣದೆ ಇಕ್‌ನಿಂದ ಸಾಯುವ ಮೀನುಗಳೂ ಇವೆ. ಕಿವಿರಿಗೆ ಮಾತ್ರ ಮುತ್ತಿಗೆ ಬಿದ್ದರೆ ಹೊರಗೆ ಕಾಣುವುದು ಏದುಸಿರು ಮತ್ತು ಕಲ್ಲಿಗೆ ಮೈ ಉಜ್ಜಿಕೊಳ್ಳುವುದು, ಅಷ್ಟೆ. ಇಲ್ಲಿ ಕಾಲೇಜು ಪ್ರಯೋಗಾಲಯದ ಸಾಧಾರಣ ಸೂಕ್ಷ್ಮದರ್ಶಕ ಹತ್ತು ಬಾಟಲಿಗಳಿಗೆ ಸಮ. ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಗಾಜಿನ ತೆಳು ಬಿಲ್ಲೆಯ ಅಂಚಿನಿಂದ ಪಕ್ಕೆಯ ಲೋಳೆಯನ್ನು ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಸವರಿ, ತೊಟ್ಟಿಯದೇ ಒಂದು ಹನಿ ನೀರಿನಲ್ಲಿ ಇಟ್ಟು ನೋಡಬೇಕು. ಇಕ್ ಇದ್ದರೆ ದುಂಡನೆಯ ಕಪ್ಪು ಮುದ್ದೆಯೊಂದು ಗಂಭೀರವಾಗಿ ಉರುಳುತ್ತಿರುತ್ತದೆ, ಅದರೊಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದೇ ಹನಿಯಲ್ಲಿ ಹುಳುವೊಂದು ಕೊಕ್ಕೆ ಊರಿ ಹಿಗ್ಗುತ್ತ ಕುಗ್ಗುತ್ತ ಇದ್ದರೆ ಅದು ಗೈರೊಡ್ಯಾಕ್ಟೈಲಸ್. ಅದರ ಹೊಟ್ಟೆಯಲ್ಲಿ ಪೂರ್ತಿ ಬೆಳೆದ ಮರಿ, ಆ ಮರಿಯ ಹೊಟ್ಟೆಯಲ್ಲೂ ಇನ್ನೊಂದು ಮರಿ ಕಾಣಬಹುದು. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಮೈಯಲ್ಲಿ. ಮೈ ಉಜ್ಜಿಕೊಳ್ಳುವ ಲಕ್ಷಣ ಎರಡಕ್ಕೂ ಒಂದೇ, ಔಷಧ ಬೇರೆ ಬೇರೆ. ಈ ಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು, ಇಕ್‌ಗೆ ಅದರಿಂದ ಏನೂ ಆಗದು.

ಬಿಳಿ ಎಂದರೆಲ್ಲ ಇಕ್ ಅಲ್ಲ ಎಂಬುದು ಮೀನಿನ ಪ್ರಾಣದ ಪ್ರಶ್ನೆ. ಬಾಯಿಯ ಸುತ್ತ ಹತ್ತಿ ಅಂಟಿದಂತೆ, ಬೆನ್ನಿನ ಮೇಲೆ ಜೀನು ಹಾಕಿದಂತೆ ಬೂದುಬಿಳಿ ಪಟ್ಟೆ ಕಂಡರೆ ಎಲ್ಲರೂ ಹೇಳುವುದು 'ಫಂಗಸ್'. ಹಲವು ಸಲ ಅದು ಫ್ಲಾವೊಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ಬ್ಯಾಕ್ಟೀರಿಯಾ. ಅಮೆರಿಕದ ಡೇವಿಸ್ 1922ರಲ್ಲಿ ಮಿಸಿಸಿಪ್ಪಿ ನದಿಯ ಮೀನುಗಳಲ್ಲಿ ಇದನ್ನು ವರ್ಣಿಸಿದ. ಸೂಕ್ಷ್ಮದರ್ಶಕದ ಕೆಳಗೆ ಉದ್ದನೆಯ ಬ್ಯಾಕ್ಟೀರಿಯಾಗಳು ಗುಂಪುಗೂಡಿ ಕಂಬಗಳಂತೆ ಏಳುವುದನ್ನು ಕಂಡ. ಶಿಲೀಂಧ್ರದ ಔಷಧಕ್ಕೆ ಇದು ಜಗ್ಗುವುದಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಬಿಸಿ ಏರಿದಷ್ಟೂ ಇದರ ಆರ್ಭಟ ಹೆಚ್ಚು. ಬಿಳಿ ಕಂಡಿತೆಂದು ಇಕ್‌ನ ಲೆಕ್ಕದಲ್ಲಿ 31 ಡಿಗ್ರಿಗೆ ಹೀಟರ್ ತಿರುಗಿಸಿದವರ ತೊಟ್ಟಿ ಒಂದೆರಡು ದಿನದಲ್ಲೇ ಖಾಲಿಯಾಗುವುದು ಹೀಗೆ. ಒಂದರ ಮದ್ದು ಇನ್ನೊಂದಕ್ಕೆ ಮೇವು.

ನಿಜವಾದ 'ಹತ್ತಿ' ರೋಗ ಬರುವುದು ಸ್ಯಾಪ್ರೊಲೆಗ್ನಿಯದಿಂದ. ಇದೂ ಜೀವಿವಿಜ್ಞಾನಿಗಳ ಲೆಕ್ಕದಲ್ಲಿ ಅಸಲಿ ಶಿಲೀಂಧ್ರವಲ್ಲ, ನೀರಿನ ಬೂಷ್ಟು ಎನ್ನಬಹುದು. ಸಾಮಾನ್ಯವಾಗಿ ಮೊದಲೇ ಗಾಯವಾದ ಜಾಗದಲ್ಲಿ ಅಥವಾ ಸತ್ತ ಮೊಟ್ಟೆಯ ಮೇಲೆ ಕೂರುತ್ತದೆ; ನೀರಿನಲ್ಲಿ ಎಳೆ ಎಳೆಯಾಗಿ ಅಲುಗಾಡುತ್ತದೆ; ಹರಡಲು ಸಮಯ ತೆಗೆದುಕೊಳ್ಳುತ್ತದೆ. ಕಾಲಮ್ನೇರ್ ಮೈಗೆ ಅಂಟಿದ ಪದರದಂತಿದ್ದು ಗಂಟೆಗಳ ಲೆಕ್ಕದಲ್ಲಿ ಮುಂದುವರಿಯಬಲ್ಲದು. ಸೂಕ್ಷ್ಮದರ್ಶಕ ಇಲ್ಲದವರು ಆ ವೇಗವನ್ನಾದರೂ ಗಮನಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಮೀನು ಸೊರಗಿದ ತೊಟ್ಟಿಯ ಮುಂದೆ ನಿಂತಾಗ ನಾನು ಮೊದಲು ಕೇಳುವುದು ಮೀನಿನ ವಿಚಾರವನ್ನಲ್ಲ. ನೀರು ಪರೀಕ್ಷಿಸಿದ್ದೀರಾ? "ನೀರು ಕ್ಲೀನಾಗಿದೆ ಸಾರ್, ಕನ್ನಡಿ ಥರ ಇದೆ" ಎಂಬ ಉತ್ತರ ಬರುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ.

ಮೀನು ತಿಂದ ಪ್ರೋಟೀನಿನ ಕಸವನ್ನು ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರಿನ ಮೂಲಕ ಹೊರಗೆ ಬಿಡುತ್ತದೆ. ಕೆರೆಯಲ್ಲಿ ಅದು ಎಲ್ಲಿಗೋ ಹೋಗುತ್ತದೆ, ಎರಡಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೋಗುವುದೆಲ್ಲಿಗೆ? ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಎರಡನೆಯ ಹೆಜ್ಜೆ ನೈಟ್ರೊಬ್ಯಾಕ್ಟರ್‌ನ ಕೆಲಸ ಎಂದು ಪುಸ್ತಕಗಳು ದಶಕಗಟ್ಟಲೆ ಬರೆದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಬಳಗ ಎಂದು ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. 2015ರಲ್ಲಿ ಇನ್ನೊಂದು ಅಚ್ಚರಿ ಬಂತು: ಎರಡೂ ಹೆಜ್ಜೆಗಳನ್ನು ಒಂಟಿಯಾಗಿ ಮುಗಿಸುವ ನೈಟ್ರೊಸ್ಪೈರಾ ಸಿಕ್ಕಿತು. ಅದು ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕಣೆಯ ಫಿಲ್ಟರ್! ಭಾನುವಾರ ತೊಟ್ಟಿ ಖಾಲಿ ಮಾಡಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡುವವರು ತೊಳೆದು ಚೆಲ್ಲುವುದು ಇವುಗಳನ್ನೇ. ನಲ್ಲಿಯ ಕ್ಲೋರಿನ್ ಉಳಿದವುಗಳನ್ನು ನೋಡಿಕೊಳ್ಳುತ್ತದೆ. ಎರಡು ಮೂರು ದಿನದ ಮೇಲೆ ಮೀನು ಮೇಲಕ್ಕೆ ಬಂದು ಬಾಯಿ ಬಡಿಯಲು ಶುರುಮಾಡಿದಾಗ ಹೊಸದೊಂದು ರೋಗ ಬಂತು ಎನ್ನಿಸುವುದು ಸಹಜ. ಸ್ಪಂಜನ್ನು ತೊಟ್ಟಿಯದೇ ಹಳೆಯ ನೀರಿನಲ್ಲಿ ಒಂದೆರಡು ಸಲ ಅದುಮಿದರೆ ಸಾಕಿತ್ತು.

ಅಮೋನಿಯಾದ ವಿಷ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದಲ್ಲಿರುವುದು ಶೇ. 1ಕ್ಕಿಂತ ಕಡಿಮೆ, ಉಳಿದದ್ದು ಅಮೋನಿಯಂ, ಅಷ್ಟು ಕೆಡುಕಲ್ಲ. ಪಿಎಚ್ 8ಕ್ಕೆ ಅದು ಶೇ. 5ರಷ್ಟು, 9ಕ್ಕೆ ಮೂರನೇ ಒಂದು ಪಾಲು ದಾಟುತ್ತದೆ. ಇದರಿಂದ ಒಂದು ವಿಪರೀತ ಹುಟ್ಟುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿ ಮೆಲ್ಲಮೆಲ್ಲಗೆ ಆಮ್ಲೀಯವಾಗುತ್ತದೆ, ಅಮೋನಿಯಾ ಕೂಡುತ್ತ ಹೋದರೂ ಅಮೋನಿಯಂ ರೂಪದಲ್ಲಿ ಸುಮ್ಮನಿರುತ್ತದೆ. ಮೀನುಗಳು ಹೇಗೋ ಒಗ್ಗಿಕೊಂಡಿರುತ್ತವೆ. ಮನೆಗೆ ನೆಂಟರು ಬರುತ್ತಾರೆಂದು ಒಂದು ದಿನ ಮುಕ್ಕಾಲು ನೀರು ತೆಗೆದು ಬೋರ್‌ವೆಲ್‌ನ ಗಡಸು, ಕ್ಷಾರೀಯ ನೀರು ತುಂಬಿದರೆ ಪಿಎಚ್ ದಿಢೀರನೆ ಏರಿ, ಉಳಿದ ಕಾಲು ಭಾಗದ ಅಮೋನಿಯಂ ವಿಷವಾಗುತ್ತದೆ. ಬೆಳಗಾಗುವುದರಲ್ಲಿ ಮೀನು ತೇಲುತ್ತವೆ. "ನೀರು ಬದಲಾಯಿಸಿದ್ದಕ್ಕೇ ಸತ್ತವು" ಎಂದು ಹೇಳುವವರ ಮಾತಿನಲ್ಲಿ ಸುಳ್ಳೇನಿಲ್ಲ, ಕಾರಣ ಮಾತ್ರ ಹಿಂದಿನ ಆರು ತಿಂಗಳಲ್ಲಿದೆ. ಅಂಥ ತೊಟ್ಟಿಯನ್ನು ದಿನಕ್ಕೆ ಹತ್ತನೇ ಒಂದು ಪಾಲಿನಂತೆ ಬದಲಿಸುತ್ತ ದಾರಿಗೆ ತರಬೇಕು.

ನೈಟ್ರೈಟ್‌ನ ಕತೆ ಬೇರೆ. ಅದು ರಕ್ತಕ್ಕೆ ಸೇರಿ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಹೊರಲಾಗದ ಮೆಟ್‌ಹಿಮೊಗ್ಲೋಬಿನ್ ಮಾಡುತ್ತದೆ; ಕಿವಿರು ಕೆಂಪು ಬಿಟ್ಟು ಕಂದಾಗುತ್ತದೆ. ನೀರಲ್ಲಿ ಆಮ್ಲಜನಕ ಧಾರಾಳವಿದ್ದರೂ ಮೀನಿಗೆ ಉಸಿರುಕಟ್ಟುತ್ತದೆ. ಇಲ್ಲಿ ಅಡುಗೆಮನೆಯ ಉಪ್ಪು ಔಷಧವಾಗುವುದು ನಂಬಿಕೆಯಿಂದಲ್ಲ, ರಸಾಯನಶಾಸ್ತ್ರದಿಂದ. ಸಿಹಿನೀರಿನ ಮೀನು ಕ್ಲೋರೈಡನ್ನು ಕಿವಿರಿನಿಂದ ಒಳಗೆ ಎಳೆದುಕೊಳ್ಳುವ ಬಾಗಿಲಲ್ಲೇ ನೈಟ್ರೈಟ್ ನುಗ್ಗುವುದು. ಉಪ್ಪು ಹಾಕಿದರೆ ಬಾಗಿಲಿನಲ್ಲಿ ಕ್ಲೋರೈಡಿನ ನೂಕುನುಗ್ಗಲು. ನೈಟ್ರೈಟ್‌ಗೆ ಸರದಿ ಬರುವುದೇ ಕಡಿಮೆ.

ಉಪ್ಪಿನ ಇನ್ನೊಂದು ಉಪಕಾರವೂ ಇದೆ. ಮೀನಿನ ರಕ್ತ ಸುತ್ತಲಿನ ಸಿಹಿನೀರಿಗಿಂತ ಬಹಳ ಉಪ್ಪು. ಹಾಗಾಗಿ ನೀರು ಹಗಲೂ ರಾತ್ರಿ ಮೈಯೊಳಗೆ ಇಳಿಯುತ್ತಲೇ ಇರುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ಚೆಲ್ಲುತ್ತಲೇ ಇರುತ್ತದೆ. ಚರ್ಮ ಹರಿದರೆ ಒಳಗಿನ ಲವಣ ಸೋರುವುದು, ಹೊರಗಿನ ನೀರು ನುಗ್ಗುವುದು ಎರಡೂ ಹೆಚ್ಚುತ್ತವೆ. ಲೀಟರಿಗೆ ಒಂದರಿಂದ ಮೂರು ಗ್ರಾಂ ಕಲ್ಲುಪ್ಪು ಆ ಹೊರೆಯನ್ನು ಇಳಿಸುತ್ತದೆ. ಗಿಡಗಳಿದ್ದರೆ, ಕೋರಿಡೋರಾಸ್‌ನಂಥ ಹುರುಪೆಯಿಲ್ಲದ ಮೀನಿದ್ದರೆ ಕಡಿಮೆಯಿಂದ ಶುರುಮಾಡುವುದು ಒಳ್ಳೆಯದು.

ಆ ಮೂತ್ರಪಿಂಡವೇ ಕೈಕೊಟ್ಟಾಗ ಕಾಣುವುದು ಡ್ರಾಪ್ಸಿ: ಹೊಟ್ಟೆ ಊದಿ, ಹುರುಪೆಗಳೆಲ್ಲ ಸೆಟೆದು ನಿಲ್ಲುವುದು. ಡ್ರಾಪ್ಸಿ ಎಂಬುದು ಒಂದು ಕಾಯಿಲೆಯ ಹೆಸರೇ ಅಲ್ಲ, ಒಳಗೆ ನೀರು ನಿಂತಿತೆಂಬ ಸುದ್ದಿ. ಆ ಹೊತ್ತಿಗೆ ಹೆಚ್ಚಿನ ಸಲ ತಡವಾಗಿರುತ್ತದೆ. ಅದಕ್ಕೆ ಖಚಿತವಾದ ಮದ್ದಿದೆ ಎಂದು ಹೇಳಿ ಮಾರುವವರನ್ನು ನಾನಂತೂ ನಂಬುವುದಿಲ್ಲ.

ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಮಾತ್ರೆಯನ್ನು ಒಡೆದು ತೊಟ್ಟಿಗೆ ಹಾಕುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ಸಿಹಿನೀರಿನ ಮೀನು ನೀರು ಕುಡಿಯುವುದೇ ತೀರ ಕಡಿಮೆ, ಮೇಲೆ ಹೇಳಿದಂತೆ ಅದಕ್ಕೆ ಬೇಕಾಗಿರುವುದು ನೀರನ್ನು ಹೊರಹಾಕುವುದು. ಹಾಗಿರುವಾಗ ನೀರಿಗೆ ಬೆರೆಸಿದ ಮದ್ದು ಒಳಗಿನ ಸೋಂಕನ್ನು ತಲುಪುವುದು ಹೇಗೆ? ಜೊತೆಗೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳನ್ನು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಹಿಡಿದುಕೊಂಡುಬಿಡುತ್ತವೆ. ಬೋರ್‌ವೆಲ್ ನೀರಿನ ತೊಟ್ಟಿಯಲ್ಲಿ ಅದು ನೀರನ್ನು ಹಳದಿ ಮಾಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಕೊಡಬಹುದು, ರೋಗದ ಬ್ಯಾಕ್ಟೀರಿಯಾಗಳಿಗೆ ಪಾಠ ಕಲಿಸುತ್ತದೆ. ಅಲಂಕಾರಿಕ ಮೀನುಗಳಲ್ಲೂ ಅವು ಬಂದ ಚೀಲದ ನೀರಿನಲ್ಲೂ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೇರಳವಾಗಿವೆ ಎಂದು ಬ್ರಿಟನ್ನಿನ ಸಂಶೋಧಕರು 2009ರಲ್ಲೇ ತೋರಿಸಿದ್ದಾರೆ. ಒಳಸೋಂಕಿಗೆ ಮದ್ದು ಮೇವಿನಲ್ಲಿ ಹೋಗಬೇಕು. ಕಾಯಿಲೆಯ ಮೀನು ಮೇವು ಬಿಟ್ಟಿರುತ್ತದೆ ಎಂಬುದು ಇಲ್ಲಿಯ ನಿಜವಾದ ಕಗ್ಗಂಟು. ತಿನ್ನುವುದು ನಿಲ್ಲಿಸುವ ಮೊದಲೇ ಗುರುತಿಸಿದವರಿಗೆ ಮಾತ್ರ ದಾರಿಯಿದೆ.

ಕೆಲವು ಕಾಯಿಲೆಗಳಿಗೆ ಮದ್ದೇ ಇಲ್ಲ. ನಿಯಾನ್ ಟೆಟ್ರಾದ ನೀಲಿಗೆಂಪು ಪಟ್ಟೆ ತುಂಡುತುಂಡಾಗಿ ಮಾಸುತ್ತ, ಬೆನ್ನು ಬಾಗಿದರೆ, ಜರ್ಮನಿಯ ಶೇಪರ್‌ಕ್ಲಾಸ್ 1941ರಲ್ಲಿ ವರ್ಣಿಸಿದ ಪ್ಲೀಸ್ಟೊಫೊರಾ ಆಗಿರಬಹುದು. ಸ್ನಾಯುವಿನೊಳಗೆ ಕೂತ ಅದನ್ನು ಯಾವ ಬಾಟಲಿಯೂ ಮುಟ್ಟದು. ಆ ಮೀನನ್ನು ತಡಮಾಡದೆ ತೆಗೆಯಬೇಕು, ಏಕೆಂದರೆ ಸತ್ತ ಮೀನನ್ನು ಉಳಿದವು ಕಚ್ಚಿ ತಿನ್ನುವಾಗಲೇ ಅದು ಹರಡುತ್ತದೆ.

ಇನ್ನೊಂದು ಮೀನಿನ ಕ್ಷಯ. ಫಿಲಡೆಲ್ಫಿಯಾದ ಅಕ್ವೇರಿಯಂನಲ್ಲಿ ಸತ್ತ ಮೀನುಗಳಿಂದ ಜೋಸೆಫ್ ಅರೊನ್ಸನ್ 1926ರಲ್ಲಿ ಮೈಕೊಬ್ಯಾಕ್ಟೀರಿಯಂ ಮರೈನಮ್ ಅನ್ನು ಬೇರ್ಪಡಿಸಿದ. ಸೊರಗುವುದು, ಹುಣ್ಣು, ಬೆನ್ನು ಬಾಗುವುದು, ವಾರಕ್ಕೊಂದು ಸಾವು. ಇದಕ್ಕೆ 30 ಡಿಗ್ರಿ ಆಸುಪಾಸಿನ ಶಾಖ ಹಿತ, ಹಾಗಾಗಿ ಮನುಷ್ಯನ ಬಿಸಿ ಒಳಾಂಗಗಳಿಗಿಂತ ತಣ್ಣಗಿರುವ ಬೆರಳು, ಮುಂಗೈಗಳ ಚರ್ಮವೇ ಇದಕ್ಕೆ ಪ್ರಿಯ. ಗಾಯವಿರುವ ಕೈಯನ್ನು ತೊಟ್ಟಿಗೆ ಹಾಕಿ, ಕೆಲವು ವಾರಗಳ ಮೇಲೆ ಬೆರಳಿನ ಮೇಲೆ ನೋವಿಲ್ಲದ ಗಂಟು ಎದ್ದು, ಮೊಣಕೈಯತ್ತ ಸಾಲಾಗಿ ಇನ್ನಷ್ಟು ಗಂಟು ಬಂದರೆ ಚರ್ಮವೈದ್ಯರಿಗೆ "ಮನೆಯಲ್ಲಿ ಫಿಶ್ ಟ್ಯಾಂಕ್ ಇದೆ" ಎಂದು ಹೇಳಬೇಕು. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ತಿಂಗಳುಗಟ್ಟಲೆ ಔಷಧ ತಿಂದರೆ ವಾಸಿಯಾಗುತ್ತದೆ. ಇದೇ ಬ್ಯಾಕ್ಟೀರಿಯಾವನ್ನು ಅಕ್ವೇರಿಯಂನ ಪಟ್ಟೆಮೀನು ಜೀಬ್ರಾಫಿಶ್‌ನ ಪಾರದರ್ಶಕ ಮರಿಗಳಿಗೆ ಸೋಂಕಿಸಿ, ಕ್ಷಯದ ಗಂಟು ಕಟ್ಟುವುದನ್ನು ಜೀವಂತವಾಗಿ ನೋಡಿದವರು ಬರೋಡಾದಲ್ಲಿ ವೈದ್ಯಕೀಯ ಓದಿದ ಲಲಿತಾ ರಾಮಕೃಷ್ಣನ್. ಮನುಷ್ಯರ ಕ್ಷಯದ ಬಗೆಗಿನ ತಿಳಿವಳಿಕೆಗೂ ಅದು ದಾರಿಮಾಡಿತು.

ಹೊಸ ಮೀನನ್ನು ನೇರವಾಗಿ ದೊಡ್ಡ ತೊಟ್ಟಿಗೆ ಬಿಡದೆ, ಸ್ಪಂಜ್ ಫಿಲ್ಟರ್ ಇರುವ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕು ವಾರ ಬೇರೆ ಇಟ್ಟರೆ ಮೇಲಿನ ಅರ್ಧ ಕತೆ ಬೇಕಾಗುವುದಿಲ್ಲ. ಬಲೆಯೂ ಬೇರೆ ಇರಬೇಕು. ಬಲೆ ಒಂದೇ ಆದರೆ ಟಬ್ಬು ಬರೀ ಶೋಕಿ.

ಎಲ್ಲ ಮಾಡಿಯೂ ಮೀನು ಸಾಯುತ್ತಲೇ ಇದ್ದರೆ ಪರೀಕ್ಷೆಗೆ ಕಳಿಸುವುದೇ ಸರಿ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಮೀನಿನ ಆರೋಗ್ಯವನ್ನೇ ಅಭ್ಯಾಸ ಮಾಡುವವರಿದ್ದಾರೆ. ಸತ್ತು ಬೆಳಗಿನವರೆಗೆ ತೇಲಿದ ಮೀನು ಅವರಿಗೆ ಹೆಚ್ಚೇನೂ ಹೇಳದು. ಮೀನು ಸತ್ತ ಸ್ವಲ್ಪ ಹೊತ್ತಿನಲ್ಲೇ ಪರಾವಲಂಬಿಗಳು ಇಳಿದುಹೋಗುತ್ತವೆ, ಕೊಳೆಯಿಸುವ ಬ್ಯಾಕ್ಟೀರಿಯಾಗಳು ಹತ್ತುತ್ತವೆ. ಕಾಯಿಲೆಯ ಲಕ್ಷಣ ಇರುವ, ಇನ್ನೂ ಉಸಿರಾಡುತ್ತಿರುವ ಮೀನನ್ನೇ ಒಯ್ಯುವುದು ಉತ್ತಮ. ಸತ್ತದ್ದೇ ಇರುವುದಾದರೆ ತಕ್ಷಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರು ಹಾಕದೆ, ಮಂಜುಗಡ್ಡೆಯ ಮೇಲೆ ಇಟ್ಟು ಒಯ್ಯಬೇಕು. ಫ್ರೀಜರಿನಲ್ಲಿಟ್ಟರೆ ಅಂಗಾಂಶದ ಕೋಶಗಳು ಒಡೆದು ನೋಡಲು ಏನೂ ಉಳಿಯದು. ಜೊತೆಗೆ ಬೇರೊಂದು ಬಾಟಲಿಯಲ್ಲಿ ತೊಟ್ಟಿಯ ನೀರು, ಮತ್ತು ಇದುವರೆಗೆ ಏನೇನು ಔಷಧ ಸುರಿದಿದ್ದೀರಿ ಎಂಬ ಪಟ್ಟಿ.